ಸೀಟು ಸಿಕ್ಕಿತು, ಇನ್ನು ಕೋಣೆ: ಟ್ಯೂಬಿಂಗೆನ್‌ಗೆ ಹೊರಟವರ ಪ್ರಶ್ನೆಗಳು

ಜರ್ಮನಿಯ ನೈಋತ್ಯ ಭಾಗದಲ್ಲಿ, ನೆಕ್ಕರ್ ನದಿಯ ದಂಡೆಯಲ್ಲಿ ಟ್ಯೂಬಿಂಗೆನ್ ಎಂಬ ಊರಿದೆ. ಜನಸಂಖ್ಯೆ ಸುಮಾರು 90 ಸಾವಿರ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಓದುವವರೇ ಸುಮಾರು 28 ಸಾವಿರ. ಈ ಸಂಚಿಕೆಯ ಪ್ರಶ್ನೆಗಳೆಲ್ಲ ಆ ಊರಿನ ವಿದ್ಯಾರ್ಥಿ ಜೀವನಕ್ಕೆ ಸಂಬಂಧಿಸಿದವು. ಊರು ಚಿಕ್ಕದು, ಓದುವವರು ಹೆಚ್ಚು. ಕೆಳಗಿನ ಬಹುಪಾಲು ತೊಡಕುಗಳ ಬೇರು ಇಲ್ಲೇ ಇದೆ.

ಪ್ರಶ್ನೆ: ಅಂತರ್ಜಾಲದಲ್ಲಿ ಎಷ್ಟು ಹುಡುಕಿದರೂ ವಿಶ್ವವಿದ್ಯಾಲಯದ ಕ್ಯಾಂಪಸ್ ಎಲ್ಲಿದೆ ಎಂದು ತಿಳಿಯಲಿಲ್ಲ. ಒಂದೊಂದು ಚಿತ್ರದಲ್ಲಿ ಒಂದೊಂದು ಕಟ್ಟಡ. ಮೇನ್ ಗೇಟ್ ಯಾವುದು? (ವಿದ್ಯಾರ್ಥಿ, ಹುಬ್ಬಳ್ಳಿ)

ಗೇಟೇ ಇಲ್ಲ. ಮಾನಸಗಂಗೋತ್ರಿಯಂತೆ ಸುತ್ತುಗೋಡೆಯೊಳಗೆ ಇಡೀ ವಿಶ್ವವಿದ್ಯಾಲಯ ಇರುವ ಚಿತ್ರವನ್ನು ಮನಸ್ಸಿನಿಂದ ತೆಗೆದುಬಿಡಿ. 1477ರಲ್ಲಿ ವ್ಯುರ್ಟೆಂಬೆರ್ಗಿನ ದೊರೆ ಎಬರ್‌ಹಾರ್ಡ್ ಇದನ್ನು ಸ್ಥಾಪಿಸಿದಾಗ ಊರಿನ ನಡುವೆ, ಚರ್ಚಿನ ಪಕ್ಕದಲ್ಲಿ ಪಾಠ ಶುರುವಾಯಿತು. ಆಮೇಲೆ ಬೇಕಾದ ಕಟ್ಟಡಗಳನ್ನು ಜಾಗ ಸಿಕ್ಕಲ್ಲೆಲ್ಲ ಕಟ್ಟುತ್ತಾ ಹೋದರು. ಇಂದು ಕಲಾ ವಿಭಾಗಗಳು, ಕಾನೂನು ಮತ್ತು ಮುಖ್ಯ ಗ್ರಂಥಾಲಯ ಹೆಚ್ಚಾಗಿ ಕಣಿವೆಯ ವಿಲ್ಹೆಲ್ಮ್‌ಸ್ಟ್ರಾಸೆ ಬೀದಿಯ ಆಸುಪಾಸಿನಲ್ಲಿವೆ. ವಿಜ್ಞಾನ ವಿಭಾಗಗಳು ಗುಡ್ಡದ ಮೇಲಿನ ಮೊರ್ಗೆನ್‌ಶ್ಟೆಲೆಯಲ್ಲಿವೆ, ದೊಡ್ಡಾಸ್ಪತ್ರೆಗಳು ಇನ್ನೊಂದು ಏರಿನಲ್ಲಿ. ಹಳೆಯ ಕೋಟೆಯೂ ವಿಶ್ವವಿದ್ಯಾಲಯದ್ದೇ. 1869ರಲ್ಲಿ ಫ್ರೀಡ್ರಿಶ್ ಮೀಶರ್ ಎಂಬ ತರುಣ ವೈದ್ಯ, ಇಂದು ಡಿಎನ್‌ಎ ಎಂದು ಕರೆಯುವ ವಸ್ತುವನ್ನು ಮೊದಲ ಸಲ ಬೇರ್ಪಡಿಸಿದ್ದು ಆ ಕೋಟೆಯ ಅಡುಗೆಮನೆಯಲ್ಲಿ. ಆಗ ಅದು ಪ್ರಯೋಗಾಲಯವಾಗಿತ್ತು, ಈಗ ಹೋದರೆ ನೋಡಬಹುದು.

ಇದರಿಂದ ದಿನನಿತ್ಯ ಏನು ವ್ಯತ್ಯಾಸ ಎಂದರೆ, ಕಣಿವೆಯಲ್ಲಿ ಒಂದು ತರಗತಿ ಮುಗಿಸಿ ಮೊರ್ಗೆನ್‌ಶ್ಟೆಲೆಯ ತರಗತಿಗೆ ಹೋಗಬೇಕಾದರೆ ಏರುದಾರಿ. ಬಸ್ಸು ಕಾದು, ಹತ್ತಿ, ಇಳಿದು ಕೋಣೆ ಹುಡುಕುವಷ್ಟರಲ್ಲಿ ಅರ್ಧ ಗಂಟೆ ಹಿಡಿಯಬಹುದು. ವೇಳಾಪಟ್ಟಿ ಮಾಡಿಕೊಳ್ಳುವಾಗ ವಿಷಯದ ಹೆಸರಿನ ಜೊತೆ ಕಟ್ಟಡದ ವಿಳಾಸವನ್ನೂ ನೋಡಿ. ಸೈಕಲ್ ಕೊಳ್ಳುವ ಮನಸ್ಸಿದ್ದರೆ ಮೊದಲು ಮನೆ ಗುಡ್ಡದ ಮೇಲೋ ಕಣಿವೆಯಲ್ಲೋ ಎಂದು ಖಚಿತವಾಗಲಿ. ಗೇರ್ ಇಲ್ಲದ ಸೈಕಲ್ಲಿನಲ್ಲಿ ಆ ಏರು ಹತ್ತುವುದು ಆಗದ ಮಾತು. ಮುಂದೆ ಬಿಳಿ, ಹಿಂದೆ ಕೆಂಪು ದೀಪ ಕಡ್ಡಾಯ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲಾಗುತ್ತದೆ.

ಪ್ರಶ್ನೆ: ಮಗಳಿಗೆ ಎಂ.ಎಸ್‌ಸಿ. ಪ್ರವೇಶ ಸಿಕ್ಕಿದೆ, ಅಕ್ಟೋಬರಿನಲ್ಲಿ ಸೇರಬೇಕು. ಹಾಸ್ಟೆಲ್ ವಿಶ್ವವಿದ್ಯಾಲಯದವರೇ ಕೊಡುತ್ತಾರಲ್ಲವೇ? ಅಲ್ಲಿಗೆ ಹೋದ ಮೇಲೆ ನೋಡಿಕೊಂಡರೆ ಸಾಕೇ? (ತಂದೆ, ಶಿವಮೊಗ್ಗ)

ಕೊಡುವುದಿಲ್ಲ. ಹೋದ ಮೇಲೆ ನೋಡಿಕೊಂಡರೆ ಸಾಲುವುದೂ ಇಲ್ಲ. ಪ್ರವೇಶದ ಪತ್ರಕ್ಕೂ ಕೋಣೆಗೂ ಸಂಬಂಧವಿಲ್ಲ. ಈ ಊರಿನಲ್ಲಿ ಎರಡರ ಪೈಕಿ ಕಷ್ಟದ್ದು ಕೋಣೆಯೇ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇವೆ.

ವಿದ್ಯಾರ್ಥಿ ನಿಲಯಗಳನ್ನು ನಡೆಸುವುದು ಸ್ಟೂಡೀರೆಂಡೆನ್‌ವೆರ್ಕ್ ಎಂಬ ಪ್ರತ್ಯೇಕ ಸಂಸ್ಥೆ. ಮೆನ್ಸಾ ಎಂಬ ವಿದ್ಯಾರ್ಥಿ ಊಟದ ಮನೆಗಳೂ ಅದರ ಕೈಯಲ್ಲೇ ಇವೆ. ಅದರ ತಾಣದಲ್ಲಿ ಬೇರೆಯೇ ಅರ್ಜಿ ಹಾಕಬೇಕು. ಪ್ರವೇಶದ ಪತ್ರ ಬಂದ ದಿನವೇ ಹಾಕಿ, ವೀಸಾ ಬರಲಿ ಎಂದು ಕಾಯಬೇಡಿ. ಅರ್ಜಿಯಲ್ಲಿ 'ಇಂಥದೇ ನಿಲಯ ಬೇಕು' ಎಂದು ಒಂದನ್ನೇ ಗುರುತು ಹಾಕಿದರೆ ಸಿಗುವ ಸಾಧ್ಯತೆ ಕುಗ್ಗುತ್ತದೆ. ದೊಡ್ಡ ನಿಲಯಗಳಿರುವುದು ಊರಿನ ಉತ್ತರದ ಗುಡ್ಡದ ವಾಲ್ಡ್‌ಹಾಯ್ಸರ್ ಓಸ್ಟ್‌ನಲ್ಲಿ. ಪೇಟೆಯಿಂದ ದೂರವೆಂದು ಅದನ್ನು ಬಿಡಬೇಡಿ. ಬಸ್ಸಿದೆ, ಅಲ್ಲಿಂದ ಮೊರ್ಗೆನ್‌ಶ್ಟೆಲೆಯೂ ದೂರವಲ್ಲ. ನಿಲಯದ ಕೋಣೆಗೆ ತಿಂಗಳಿಗೆ ಅಂದಾಜು 300ರಿಂದ 400 ಯುರೋ ಇಟ್ಟುಕೊಳ್ಳಿ.

ಎರಡನೆಯ ದಾರಿ ವೇಗೇ. ಮೂರ್ನಾಲ್ಕು ಜನ ಸೇರಿ ಒಂದು ಮನೆ ಹಿಡಿಯುತ್ತಾರೆ, ತಲೆಗೊಂದು ಕೋಣೆ, ಅಡುಗೆಮನೆ ಮತ್ತು ಬಚ್ಚಲು ಎಲ್ಲರದೂ. ಕೋಣೆ ಖಾಲಿಯಾದಾಗ ಹೊಸಬರನ್ನು ಆಯ್ಕೆ ಮಾಡುವುದು ಸಾಮಾನ್ಯವಾಗಿ ಆ ಮನೆಯಲ್ಲಿರುವವರೇ. ಹಾಗಾಗಿ 'ಡಿಯರ್ ಸರ್/ಮೇಡಂ, ಐ ಆ್ಯಮ್ ಇಂಟರೆಸ್ಟೆಡ್' ಎಂಬ ಒಂದೇ ಸಾಲನ್ನು ಐವತ್ತು ಜನಕ್ಕೆ ಕಳಿಸಿದರೆ ಒಂದಕ್ಕೂ ಉತ್ತರ ಬರುವುದಿಲ್ಲ. ಜಾಹೀರಾತನ್ನು ಪೂರ್ತಿ ಓದಿ, ಎಂಟು ಹತ್ತು ಸಾಲು ಬರೆಯಬೇಕು: ಏನು ಓದುತ್ತೀರಿ, ಯಾವಾಗಿನಿಂದ ಎಷ್ಟು ಕಾಲ ಇರುತ್ತೀರಿ, ಅಡುಗೆ ಮಾಡುತ್ತೀರಾ, ಅವರು ಬರೆದುಕೊಂಡಿದ್ದರಲ್ಲಿ ನಿಮಗೆ ಹಿಡಿಸಿದ್ದೇನು. ಜರ್ಮನ್ ತಪ್ಪುತಪ್ಪಾಗಿದ್ದರೂ ಮೊದಲ ಎರಡು ಸಾಲು ಜರ್ಮನ್ನಿನಲ್ಲಿರಲಿ. ದೂರದಲ್ಲಿದ್ದೀರಿ, ವೀಡಿಯೊ ಕರೆಯಲ್ಲಿ ಮಾತಾಡಬಹುದೇ ಎಂದು ನೀವೇ ಕೇಳಿ.

ಬಾಡಿಗೆಯಲ್ಲಿ ಎರಡು ಲೆಕ್ಕ ಇರುತ್ತವೆ. 'ತಣ್ಣನೆಯ ಬಾಡಿಗೆ' ಎಂದರೆ ಬರೀ ಜಾಗಕ್ಕೆ, 'ಬೆಚ್ಚನೆಯ ಬಾಡಿಗೆ' ಎಂದರೆ ಹೀಟರು, ನೀರು, ಕಸ ಇತ್ಯಾದಿ ಸೇರಿ. ಎರಡನೆಯದರಲ್ಲೂ ಕೆಲವೊಮ್ಮೆ ಕರೆಂಟು ಮತ್ತು ಇಂಟರ್ನೆಟ್ ಸೇರಿರುವುದಿಲ್ಲ, ಕೇಳಿ ತಿಳಿದುಕೊಳ್ಳಿ. ಅಡ್ವಾನ್ಸ್ ಕಾನೂನಿನ ಪ್ರಕಾರ ತಣ್ಣನೆಯ ಬಾಡಿಗೆಯ ಮೂರು ತಿಂಗಳ ಮೊತ್ತ ಮೀರುವಂತಿಲ್ಲ.

ಮೋಸದ ಜಾಹೀರಾತುಗಳು ಆಗಸ್ಟ್, ಸೆಪ್ಟೆಂಬರಿನಲ್ಲಿ ಹೆಚ್ಚುತ್ತವೆ. ಪೇಟೆಯ ನಡುವಿನ ಚಂದದ ಫ್ಲ್ಯಾಟ್, ಅರ್ಧ ಬಾಡಿಗೆ. ಮಾಲೀಕರು ಬೇರೆ ದೇಶದಲ್ಲಿದ್ದಾರಂತೆ, ದುಡ್ಡು ಹಾಕಿದರೆ ಬೀಗದ ಕೈ ಅಂಚೆಯಲ್ಲಿ ಬರುತ್ತದಂತೆ. ಹೀಗೆಂದವರಿಗೆ ಒಂದು ಯುರೋ ಕೂಡ ಕಳಿಸಬೇಡಿ. ಪಾಸ್‌ಪೋರ್ಟಿನ ಪ್ರತಿಯನ್ನೂ ಕಳಿಸಬೇಡಿ, ಅದನ್ನೇ ತೋರಿಸಿ ಮುಂದಿನವರನ್ನು ನಂಬಿಸುತ್ತಾರೆ.

ಕೊನೆಗೆ, ಮನೆ ಒಪ್ಪಿಕೊಳ್ಳುವ ಮುಂಚೆ ಕೇಳಲೇಬೇಕಾದ ಪ್ರಶ್ನೆ: 'ಈ ವಿಳಾಸದಲ್ಲಿ ನನ್ನ ಹೆಸರು ನೋಂದಾಯಿಸಬಹುದೇ?' ಕೆಲವರು ಅಲ್ಪಾವಧಿಗೆ ಕೋಣೆ ಕೊಟ್ಟು, ಊರಿನ ಕಚೇರಿಯಲ್ಲಿ ಮಾಡಿಸಬೇಕಾದ ಈ ನೋಂದಣಿ ಬೇಡ ಎನ್ನುತ್ತಾರೆ. ಆ ಕೋಣೆಯಿಂದ ಮುಂದಿನ ಒಂದು ಕೆಲಸವೂ ಸಾಗುವುದಿಲ್ಲ. ಟ್ಯೂಬಿಂಗೆನ್ನಿನಲ್ಲೇ ಬೇಕೆಂಬ ಹಟವೂ ಬೇಡ. ರಾಯ್ಟ್‌ಲಿಂಗೆನ್, ರೊಟೆನ್‌ಬುರ್ಗ್ ರೈಲಿನಲ್ಲಿ ಹತ್ತು ಹದಿನೈದು ನಿಮಿಷದ ದಾರಿ. ಮೊದಲ ಸೆಮಿಸ್ಟರನ್ನು ಅಲ್ಲಿದ್ದು ಕಳೆದು, ಊರಿನ ಪರಿಚಯವಾದ ಮೇಲೆ ಕೋಣೆ ಬದಲಿಸುವುದು ಎಷ್ಟೋ ಮೇಲು.

ಪ್ರಶ್ನೆ: ಜರ್ಮನಿಯಲ್ಲಿ ಓದು ಉಚಿತ ಎನ್ನುತ್ತಾರೆ. ಹಾಗಾದರೆ ಖರ್ಚು ಎಷ್ಟು? ನನ್ನ ಸಿಜಿಪಿಎ 8.2. ಅದನ್ನು ಅವರ ಲೆಕ್ಕಕ್ಕೆ ಹೇಗೆ ತರುವುದು? (ವಿದ್ಯಾರ್ಥಿನಿ, ಮೈಸೂರು)

ಉಚಿತ ಎಂಬುದು ಈ ರಾಜ್ಯದ ಮಟ್ಟಿಗೆ ನಮಗೆ ಅನ್ವಯಿಸದು. ಟ್ಯೂಬಿಂಗೆನ್ ಇರುವ ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯ, ಐರೋಪ್ಯ ಒಕ್ಕೂಟದ ಹೊರಗಿನಿಂದ ಬಂದು ಪದವಿ, ಸ್ನಾತಕೋತ್ತರ ಓದುವವರಿಂದ 2017ರ ಚಳಿಗಾಲದ ಸೆಮಿಸ್ಟರಿನಿಂದ ಪ್ರತಿ ಸೆಮಿಸ್ಟರಿಗೆ 1,500 ಯುರೋ ತೆಗೆದುಕೊಳ್ಳುತ್ತಿದೆ. ಪಿಎಚ್.ಡಿ. ಮಾಡುವವರಿಗೆ ಇದು ಇಲ್ಲ. ಇದರ ಮೇಲೆ ಎಲ್ಲರೂ ಕಟ್ಟುವ ಸೆಮಿಸ್ಟರ್ ವಂತಿಗೆ 200 ಯುರೋ ಆಸುಪಾಸು. ಅಂದರೆ ವರ್ಷಕ್ಕೆ ಸುಮಾರು 3,400.

ವೀಸಾಕ್ಕಾಗಿ ಬ್ಲಾಕ್ಡ್ ಅಕೌಂಟಿನಲ್ಲಿ 11,904 ಯುರೋ ಇಡಬೇಕು (2024ರ ಸೆಪ್ಟೆಂಬರಿನಿಂದ ಇರುವ ಮೊತ್ತ), ಅದರಿಂದ ತಿಂಗಳಿಗೆ 992 ಯುರೋ ಮಾತ್ರ ಕೈಗೆ ಬರುತ್ತದೆ. ಬಹಳ ಮನೆಗಳು ಲೆಕ್ಕ ತಪ್ಪುವುದು ಇಲ್ಲೇ. ಕೋಣೆಗೆ 400, ಆರೋಗ್ಯ ವಿಮೆಗೆ 150ರ ಹತ್ತಿರ, ದಿನಸಿ ಊಟಕ್ಕೆ 200, ಫೋನು ಪುಸ್ತಕ ಬಟ್ಟೆಗೆ 100 ಎಂದರೂ 850 ಆಯಿತು. ಉಳಿದದ್ದರಿಂದ 3,400 ಹೊರಡುವುದಿಲ್ಲ. ಶುಲ್ಕದ ಹಣವನ್ನು ಬ್ಲಾಕ್ಡ್ ಅಕೌಂಟಿನ ಹೊರಗೆ ಬೇರೆಯಾಗಿ ತೆಗೆದಿಡಿ. ಜೊತೆಗೆ ಅಡ್ವಾನ್ಸಿಗೂ ಮೊದಲ ತಿಂಗಳಿಗೂ ಸೇರಿ ಎರಡು ಸಾವಿರ ಯುರೋ ಕೈಗೆಟಕುವಂತಿರಲಿ. ಬ್ಲಾಕ್ಡ್ ಅಕೌಂಟಿನ ಮೊದಲ ಕಂತು ಬರುವುದಕ್ಕೆ ವಾರಗಳು ಹಿಡಿಯಬಹುದು.

ಕೆಲಸ ಮಾಡಿ ತೂಗಿಸುತ್ತೇನೆ ಎಂಬ ಲೆಕ್ಕವನ್ನು ಮೊದಲ ಸೆಮಿಸ್ಟರಿಗೆ ಇಟ್ಟುಕೊಳ್ಳಬೇಡಿ. ನಿಯಮದಲ್ಲಿ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಬಹುದು. ಆದರೆ ಚಿಕ್ಕ ಊರಿನ ಅಂಗಡಿ, ಹೋಟೆಲುಗಳಲ್ಲಿ ಜರ್ಮನ್ ಬೇಕು. ವಿಭಾಗದಲ್ಲೇ ಪ್ರಾಧ್ಯಾಪಕರ ಕೈಕೆಳಗೆ ಸಿಗುವ 'ಹಿವಿ' ಕೆಲಸ ಓದಿಗೂ ಒಳ್ಳೆಯದು, ಅದಕ್ಕೆ ಒಂದು ಸೆಮಿಸ್ಟರ್ ತರಗತಿಯಲ್ಲಿ ನಿಮ್ಮ ಕೆಲಸವನ್ನು ಅವರು ನೋಡಿರಬೇಕು.

ಅಂಕದ ಲೆಕ್ಕ ಹೀಗೆ: ಗರಿಷ್ಠದಿಂದ ನಿಮ್ಮ ಅಂಕ ಕಳೆಯಿರಿ, ಅದನ್ನು ಗರಿಷ್ಠ ಮತ್ತು ಪಾಸಿನ ಅಂಕದ ನಡುವಿನ ವ್ಯತ್ಯಾಸದಿಂದ ಭಾಗಿಸಿ, 3ರಿಂದ ಗುಣಿಸಿ, 1 ಕೂಡಿ. ನಿಮ್ಮಲ್ಲಿ ಪಾಸಿಗೆ 4 ಬೇಕಿದ್ದರೆ: 1.8 ಭಾಗಿಸು 6, ಅಂದರೆ 0.3, ಮೂರರಿಂದ ಗುಣಿಸಿ ಒಂದು ಕೂಡಿದರೆ 1.9. ಅಲ್ಲಿ 1.0 ಅತ್ಯುತ್ತಮ, 4.0 ಪಾಸಿನ ಕೊನೆ. ಪಾಸಿನ ಅಂಕ 5 ಎಂದಾದರೆ ಇದೇ 8.2 ಸುಮಾರು 2.1 ಆಗುತ್ತದೆ. ಅದಕ್ಕೇ, ಪಾಸಿಗೆ ಬೇಕಾದ ಕನಿಷ್ಠ ಗ್ರೇಡ್ ಎಷ್ಟೆಂದು ಇಲ್ಲಿನ ವಿಶ್ವವಿದ್ಯಾಲಯದಿಂದ ಬರವಣಿಗೆಯಲ್ಲಿ ತೆಗೆದುಕೊಂಡೇ ಹೊರಡಿ. ಇನ್ನು ಎಪಿಎಸ್, ಅಂದರೆ ನಮ್ಮ ಅಂಕಪಟ್ಟಿಗಳು ಅಸಲಿ ಎಂಬ ಪ್ರಮಾಣಪತ್ರ: 2022ರ ನವೆಂಬರಿನಿಂದ ಭಾರತದ ವಿದ್ಯಾರ್ಥಿಗಳ ವೀಸಾ ಅರ್ಜಿಗೆ ಇದು ಬೇಕು. ಅಂಕಪಟ್ಟಿಗಳ ಪರಿಶೀಲನೆ ನಡೆಯುವುದರಿಂದ ಸಮಯ ಹಿಡಿಯುತ್ತದೆ. ಪ್ರವೇಶಕ್ಕೆ ಅರ್ಜಿ ಹಾಕುವ ಮೊದಲೇ ಇದನ್ನು ಶುರುಮಾಡಿ.

ಪ್ರಶ್ನೆ: ಹೋಗಿ ಇಳಿದ ಮೇಲೆ ಮೊದಲ ಎರಡು ವಾರ ಏನೇನು, ಯಾವ ಕ್ರಮದಲ್ಲಿ ಮಾಡಬೇಕು? (ವಿದ್ಯಾರ್ಥಿ, ಮಂಗಳೂರು)

ಮೊದಲು ಅಂಚೆ ಪೆಟ್ಟಿಗೆಯ ಮೇಲೆ ಹೆಸರು. ಇದು ಸಣ್ಣ ವಿಷಯವಲ್ಲ. ಬ್ಯಾಂಕಿನ ಕಾರ್ಡು, ಪಿನ್ನು, ತೆರಿಗೆ ಸಂಖ್ಯೆ, ವಿಮೆಯ ಕಾರ್ಡು, ಎಲ್ಲವೂ ಕಾಗದದ ಅಂಚೆಯಲ್ಲೇ ಬರುತ್ತವೆ. ಪೆಟ್ಟಿಗೆಯ ಮೇಲೆ ಹೆಸರಿಲ್ಲದಿದ್ದರೆ ಅಂಚೆಯವರು ವಾಪಸು ಕಳಿಸುತ್ತಾರೆ, ಮೇಲಿನ ಮನೆಯವರನ್ನು ಕೇಳುವ ರೂಢಿ ಇಲ್ಲ.

ಹೆಸರಿನ ಮಾತು ಬಂದಾಗ ನಮ್ಮ ಕಡೆಯವರಿಗೇ ವಿಶೇಷವಾಗಿ ಕಾಡುವ ತೊಂದರೆಯನ್ನು ಹೇಳಬೇಕು. ಊರಿನ, ಅಪ್ಪನ ಹೆಸರಿನ ಇನಿಷಿಯಲ್ ಹಾಕಿಕೊಳ್ಳುವ ನಮಗೆ 'ಕುಟುಂಬದ ಹೆಸರು' ಎಂಬ ಖಾನೆ ಗೊಂದಲದ್ದು. ಪ್ರವೇಶದಲ್ಲಿ ಒಂದು ರೀತಿ, ಬ್ಯಾಂಕಿನಲ್ಲಿ ಇನಿಷಿಯಲ್ ಬಿಡಿಸಿ ಇನ್ನೊಂದು ರೀತಿ, ವಿಮೆಯಲ್ಲಿ ಹಿಂದುಮುಂದಾಗಿ ಮತ್ತೊಂದು ರೀತಿ ಬರೆದರೆ, ಗಣಕದಲ್ಲಿ ಮೂವರು ಬೇರೆ ಬೇರೆ ಮನುಷ್ಯರಾಗುತ್ತೀರಿ. ಪಾಸ್‌ಪೋರ್ಟಿನ ಎರಡು ಖಾನೆಗಳಲ್ಲಿ ಹೇಗಿದೆಯೋ ಹಾಗೇ, ಒಂದು ಅಕ್ಷರವೂ ಬದಲಾಗದಂತೆ ಎಲ್ಲ ಕಡೆ ಬರೆಯಿರಿ. ಸರ್‌ನೇಮ್ ಖಾನೆಯೇ ಖಾಲಿ ಇದ್ದರೆ, ಹೊರಡುವ ಮುಂಚೆ ಇಲ್ಲೇ ಪಾಸ್‌ಪೋರ್ಟ್ ಸರಿಮಾಡಿಸಿಕೊಳ್ಳುವುದು ಜಾಣತನ. ಪದವಿ ಪ್ರಮಾಣಪತ್ರದ ಹೆಸರಿಗೂ ಅದು ತಾಳೆಯಾಗಬೇಕು ಎಂಬುದನ್ನು ಮರೆಯಬೇಡಿ.

ಎರಡನೆಯದು ವಿಳಾಸದ ನೋಂದಣಿ. ಮನೆಗೆ ಕಾಲಿಟ್ಟ ಎರಡು ವಾರದೊಳಗೆ ಊರಿನ ಬ್ಯುರ್ಗರ್‌ಆಮ್ಟ್ ಕಚೇರಿಯಲ್ಲಿ ಮಾಡಿಸಬೇಕು. ಪಾಸ್‌ಪೋರ್ಟ್, ವೀಸಾ ಮತ್ತು ಮನೆ ಮಾಲೀಕರು ಸಹಿ ಹಾಕಿದ ನಮೂನೆ ಬೇಕು. ಬಾಡಿಗೆ ಕರಾರು ತೋರಿಸಿದರೆ ಸಾಲದು, ಆ ನಮೂನೆಯೇ ಬೇಕು. ಬೀಗದ ಕೈ ತೆಗೆದುಕೊಳ್ಳುವಾಗಲೇ ಸಹಿ ಹಾಕಿಸಿಕೊಳ್ಳಿ. ಸೆಪ್ಟೆಂಬರ್ ಕೊನೆಯಲ್ಲಿ ಕಚೇರಿಯ ಅಪಾಯಿಂಟ್‌ಮೆಂಟ್ ಬೇಗ ತುಂಬುವುದರಿಂದ, ಊರಿನಿಂದ ಹೊರಡುವ ಮೊದಲೇ ದಿನ ಕಾಯ್ದಿರಿಸಿ.

ಇದರ ಬೆನ್ನಿಗೇ ವಿಮೆ. 30 ವರ್ಷದೊಳಗಿನವರಿಗೆ ಸರ್ಕಾರಿ ಮಾದರಿಯ ವಿಮೆಯಲ್ಲಿ ವಿದ್ಯಾರ್ಥಿ ದರ ಇದೆ. ನೀವು ವಿಮೆ ಮಾಡಿಸಿದ್ದೀರಿ ಎಂಬ ಸೂಚನೆಯನ್ನು ಕಂಪನಿಯೇ ನೇರ ವಿಶ್ವವಿದ್ಯಾಲಯಕ್ಕೆ ಕಳಿಸುತ್ತದೆ, ಅದು ತಲುಪುವ ತನಕ ದಾಖಲಾತಿ ಮುಗಿಯದು. ಅಗ್ಗದ ಪ್ರವಾಸಿ ವಿಮೆ ಇದಕ್ಕೆ ಆಗುವುದಿಲ್ಲ. ಆಮೇಲೆ ಬ್ಯಾಂಕ್ ಖಾತೆ, ಆ ಖಾತೆಯ ಸಂಖ್ಯೆ ಕೊಟ್ಟು ಬ್ಲಾಕ್ಡ್ ಅಕೌಂಟ್ ಚಾಲೂ ಮಾಡಿಸುವುದು. ವಾಸದ ಪರವಾನಗಿಗೆ ವೀಸಾ ಅವಧಿ ಮುಗಿಯುವ ಮೊದಲೇ ಅರ್ಜಿ ಹೋಗಿರಬೇಕು. ಕಾರ್ಡು ಮುದ್ರಣವಾಗಿ ಬರಲು ವಾರಗಳು ಬೇಕು, ಎರಡು ತಿಂಗಳು ಮುಂಚೆಯೇ ಹೊರಡಿ.

ಕೊನೆಗೊಂದು ಪತ್ರ ತಾನಾಗಿ ಬರುತ್ತದೆ: ರೇಡಿಯೊ, ಟಿ.ವಿ. ವಂತಿಗೆ, ತಿಂಗಳಿಗೆ 18.36 ಯುರೋ. ಟಿ.ವಿ. ಇಲ್ಲ ಎಂದು ಹರಿದು ಹಾಕಬೇಡಿ, ಬಾಕಿ ಬೆಳೆಯುತ್ತದೆ. ಇದು ಮನೆಗೊಂದು, ತಲೆಗೊಂದಲ್ಲ. ವೇಗೇಯಲ್ಲಿ ಯಾರೋ ಒಬ್ಬರು ಆಗಲೇ ಕಟ್ಟುತ್ತಿದ್ದರೆ ಅವರ ವಂತಿಗೆಯ ಸಂಖ್ಯೆ ಬರೆದು ಉತ್ತರಿಸಿ, ಪಾಲು ಹಂಚಿಕೊಳ್ಳಿ.

ಪ್ರಶ್ನೆ: ವೇಳಾಪಟ್ಟಿಯಲ್ಲಿ '10 ಸಿ.ಟಿ.' ಎಂದಿದೆ. ಹಾಗೆಂದರೇನು? (ವಿದ್ಯಾರ್ಥಿನಿ, ತುಮಕೂರು)

ಹತ್ತೂಕಾಲು. ಸಿ.ಟಿ. ಎಂಬುದು 'ಸಮಯ ಸೇರಿಸಿ' ಎಂಬ ಲ್ಯಾಟಿನ್ ಮಾತಿನ ಮೊದಲಕ್ಷರಗಳು, ಹದಿನೈದು ನಿಮಿಷ ಬಿಟ್ಟು ಶುರು. 'ಎಸ್.ಟಿ.' ಎಂದಿದ್ದರೆ ಹತ್ತಕ್ಕೆ ಹತ್ತೇ. ಪರೀಕ್ಷೆಗಳಿಗೆ ಹೆಚ್ಚಾಗಿ ಎಸ್.ಟಿ. ಇರುತ್ತದೆ, ಸರಿಯಾಗಿ ನೋಡಿಕೊಳ್ಳಿ. ಪಾಠ ಮುಗಿದಾಗ ಎಲ್ಲರೂ ಬೆರಳಗಂಟಿನಿಂದ ಮೇಜು ತಟ್ಟುತ್ತಾರೆ. ಅದು ಅಲ್ಲಿನ ಚಪ್ಪಾಳೆ.

ಪ್ರಶ್ನೆ: ಪರೀಕ್ಷೆಗಳು ಹೇಗಿರುತ್ತವೆ? ಇಂಟರ್ನಲ್ಸ್ ಎಷ್ಟು ಅಂಕಕ್ಕೆ? (ವಿದ್ಯಾರ್ಥಿ, ದಾವಣಗೆರೆ)

ಬಹಳಷ್ಟು ವಿಷಯಗಳಲ್ಲಿ ಇಂಟರ್ನಲ್ಸ್ ಇಲ್ಲ. ಕೊನೆಯ ಒಂದು ಪರೀಕ್ಷೆ ಅಥವಾ ಒಂದು ಪ್ರಬಂಧವೇ ಪೂರ್ತಿ ಅಂಕ ನಿರ್ಧರಿಸುತ್ತದೆ. ನಮ್ಮಲ್ಲಿ ಐಎ ಅಂಕಗಳು ಹಿಡಿದೆತ್ತುವ ಹಾಗೆ ಅಲ್ಲಿ ಏನೂ ಎತ್ತುವುದಿಲ್ಲ. ಪ್ರತಿ ವಾರದ ಲೆಕ್ಕದ ಹಾಳೆಗಳನ್ನು ಬಿಡಿಸಿ ಇಂತಿಷ್ಟು ಶೇಕಡಾ ಗಳಿಸಿದರೆ ಮಾತ್ರ ಪರೀಕ್ಷೆಗೆ ಕೂರಬಹುದು ಎಂಬ ಷರತ್ತು ಕೆಲವು ವಿಷಯಗಳಲ್ಲಿ ಇರುತ್ತದೆ. ಮೊದಲ ತರಗತಿಯಲ್ಲೇ ಹೇಳಿರುತ್ತಾರೆ. ಅದನ್ನು ತಪ್ಪಿಸಿಕೊಂಡವರು ಫೆಬ್ರವರಿಯಲ್ಲಿ ಪೇಚಾಡುತ್ತಾರೆ.

ತರಗತಿಗೆ ಹೆಸರು ಕೊಟ್ಟರೆ ಪರೀಕ್ಷೆಗೂ ಕೊಟ್ಟಂತಲ್ಲ. 'ಆಲ್ಮಾ' ಎಂಬ ಪೋರ್ಟಲಿನಲ್ಲಿ ಪರೀಕ್ಷೆಗೆ ಬೇರೆಯಾಗಿ ನೋಂದಾಯಿಸಬೇಕು, ಅದಕ್ಕೆ ಕೊನೆಯ ದಿನಾಂಕವಿದೆ. ದಾಟಿದರೆ ಪ್ರಾಧ್ಯಾಪಕರಿಗೆ ಮನಸ್ಸಿದ್ದರೂ ಏನೂ ಮಾಡಲಾಗದು. ನೋಂದಾಯಿಸಿ, ರದ್ದು ಮಾಡದೆ, ಹೋಗದೆ ಇದ್ದರೆ 5.0, ಅಂದರೆ ಫೇಲು. ಕಾಯಿಲೆಯಾದರೆ ಅದೇ ದಿನ ವೈದ್ಯರ ಪತ್ರ ತೆಗೆದುಕೊಂಡು ತಡಮಾಡದೆ ಪರೀಕ್ಷಾ ಕಚೇರಿಗೆ ಮುಟ್ಟಿಸಿ. ಒಂದು ಪರೀಕ್ಷೆಯನ್ನು ಎಷ್ಟು ಸಲ ಬರೆಯಬಹುದು ಎಂಬುದಕ್ಕೆ ಮಿತಿ ಇದೆ, ಸಪ್ಲಿಮೆಂಟರಿ ಎಷ್ಟಾದರೂ ಬರೆದುಕೊಳ್ಳಬಹುದು ಎಂಬಂತಿಲ್ಲ. ನಿಮ್ಮ ಕೋರ್ಸಿನ ಪರೀಕ್ಷಾ ನಿಯಮದ ಪುಸ್ತಿಕೆಯನ್ನು ಮೊದಲ ವಾರವೇ ಓದಿ. ಕಡ್ಡಾಯ ವಿಷಯದಲ್ಲಿ ಕೊನೆಯ ಅವಕಾಶವೂ ಹೋದರೆ ಕೋರ್ಸೇ ಹೋಗುತ್ತದೆ, ಅದರೊಂದಿಗೆ ವಾಸದ ಪರವಾನಗಿಯ ಪ್ರಶ್ನೆಯೂ ಏಳುತ್ತದೆ.

ಸೆಮಿಸ್ಟರಿಗೆ 30 ಕ್ರೆಡಿಟ್, ಒಂದು ಕ್ರೆಡಿಟ್ ಎಂದರೆ ಸುಮಾರು 30 ಗಂಟೆಯ ದುಡಿಮೆ. ತರಗತಿ ವಾರಕ್ಕೆ ಹದಿನಾರು ಗಂಟೆ ಮಾತ್ರ ಕಂಡರೂ ಉಳಿದದ್ದು ನೀವೇ ಕೂತು ಓದಲಿ ಎಂದು ಬಿಟ್ಟಿರುವುದು, ರಜೆ ಎಂದು ಅಲ್ಲ. ಒಂದೇ ಸಲ ಹೆಚ್ಚು ವಿಷಯ ತುರುಕಿಕೊಂಡು 42 ಕ್ರೆಡಿಟ್ ಹಿಡಿಯುವ ಉತ್ಸಾಹ ಮೊದಲ ಸೆಮಿಸ್ಟರಿನಲ್ಲಿ ಬೇಡವೇ ಬೇಡ.

ಪ್ರಶ್ನೆ: ಶುದ್ಧ ಸಸ್ಯಾಹಾರಿ. ಅಲ್ಲಿ ದೋಸೆ ಹಿಟ್ಟು ಹುಳಿ ಬರುವುದೇ ಇಲ್ಲವಂತೆ. ಮಿಕ್ಸಿ, ಕುಕ್ಕರ್ ಒಯ್ಯಬಹುದೇ? ತುಪ್ಪ, ಪೇಡೆ? (ವಿದ್ಯಾರ್ಥಿನಿ, ಉಡುಪಿ)

ತುಪ್ಪ, ಪೇಡೆ, ಕೋವಾ ಬೇಡ. ಹೊರದೇಶದಿಂದ ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ಪ್ರಯಾಣಿಕರು ಐರೋಪ್ಯ ಒಕ್ಕೂಟದೊಳಗೆ ತರುವಂತಿಲ್ಲ, ವಿಮಾನ ನಿಲ್ದಾಣದಲ್ಲೇ ತೆಗೆದು ಎಸೆಯುತ್ತಾರೆ. ಹಸಿ ಕರಿಬೇವೂ ಬೇಡ. ಅಲ್ಲಿನ ಬೆಣ್ಣೆ ಒಳ್ಳೆಯದು, ಕಾಯಿಸಿದರೆ ಮನೆಯ ತುಪ್ಪದಂತೆಯೇ ಆಗುತ್ತದೆ. ಒಯ್ಯಬೇಕಾದದ್ದು ಸಾರಿನ ಪುಡಿ, ಹುಳಿಪುಡಿ, ಹಿಂಗು, ಒಣಗಿಸಿದ ಕರಿಬೇವು. ಬೇಳೆಯನ್ನು ಕಿಲೋಗಟ್ಟಲೆ ಹೊರಬೇಡಿ. ಕೆಂಪು ಮಸೂರಬೇಳೆ ಯಾವ ಸೂಪರ್‌ಮಾರ್ಕೆಟ್ಟಿನಲ್ಲೂ ಸಿಗುತ್ತದೆ, ತೊಗರಿ ಮತ್ತು ಉದ್ದು ಏಷ್ಯನ್ ಅಂಗಡಿಗಳಲ್ಲಿ.

ಹಿಟ್ಟು ಹುಳಿ ಬರುತ್ತದೆ, ಬೆಚ್ಚಗಿರಬೇಕು ಅಷ್ಟೆ. ಚಳಿಗಾಲದಲ್ಲಿ ಕೋಣೆ 19-20 ಡಿಗ್ರಿ ಇರುತ್ತದೆ, ಅದರಲ್ಲಿ ಇಡೀ ದಿನ ಇಟ್ಟರೂ ಹಿಟ್ಟು ಏಳುವುದು ಕಷ್ಟ. ಅವನ್ನನ್ನು ಬಿಸಿ ಮಾಡದೆ, ಒಳಗಿನ ದೀಪವನ್ನಷ್ಟೇ ಹಾಕಿ ಪಾತ್ರೆಯನ್ನು ಒಳಗಿಡಿ. ರಾತ್ರಿ ಇಟ್ಟರೆ ಬೆಳಗ್ಗೆ ಉಬ್ಬಿರುತ್ತದೆ. ಪಾತ್ರೆಯಲ್ಲಿ ಅರ್ಧ ಖಾಲಿ ಇರಲಿ. ಅವನ್ನಿನ ಬಾಗಿಲಿಗೆ 'ಒಳಗೆ ಹಿಟ್ಟಿದೆ, ಹಚ್ಚಬೇಡಿ' ಎಂದು ಜರ್ಮನ್ನಿನಲ್ಲಿ ಚೀಟಿ ಅಂಟಿಸಿ. ಪಿಜ್ಜಾ ಮಾಡಲು ಬಂದವರು ನೋಡದೆ ಅವನ್ ಹಚ್ಚಿದರೆ ಹಿಟ್ಟೂ ಪಾತ್ರೆಯೂ ಕೆಡುತ್ತವೆ. ಅಕ್ಕಿಯ ವಿಷಯದಲ್ಲಿ ಬಾಸುಮತಿ ದೋಸೆಗೆ ಹೊಂದುವುದಿಲ್ಲ, ಗಟ್ಟಿಯಾಗುತ್ತದೆ. 'ಮಿಲ್ಶ್‌ರೈಸ್' ಎಂದು ಪಾಯಸಕ್ಕೆ ಮಾರುವ ಗುಂಡಕ್ಕಿ ಅಗ್ಗ. ಅದು ಎರಡು ಲೋಟ, ಕುಸುಬಲಕ್ಕಿ ಒಂದು ಲೋಟ, ಉದ್ದಿನಬೇಳೆ ಒಂದು ಲೋಟ, ಅರ್ಧ ಚಮಚ ಮೆಂತ್ಯ. ಗುಂಡಕ್ಕಿ ಒಂದನ್ನೇ ಹಾಕಿದರೆ ದೋಸೆ ಅಂಟಂಟಾಗುತ್ತದೆ.

ಮಿಕ್ಸಿ ನಡೆಯುತ್ತದೆ. ಎರಡೂ ದೇಶದಲ್ಲಿ 230 ವೋಲ್ಟ್, 50 ಹರ್ಟ್ಸ್. ಪ್ಲಗ್ಗು ಮಾತ್ರ ಬೇರೆ. ಫೋನಿಗೆಂದು ಮಾಡಿದ ಹಗುರ ಅಡಾಪ್ಟರಿನಲ್ಲಿ 750 ವ್ಯಾಟಿನ ಮಿಕ್ಸಿ ಹಾಕಿದರೆ ಅದು ಕಾದು ಕರಗಬಹುದು, ಅರ್ಥಿಂಗ್ ಇರುವ 16 ಆಂಪಿಯರಿನ ಅಡಾಪ್ಟರ್ ಕೊಳ್ಳಿ. ರಾತ್ರಿ ಹತ್ತರ ಮೇಲೆ ಹಚ್ಚಬೇಡಿ, ಹತ್ತರಿಂದ ಬೆಳಗ್ಗೆ ಆರರವರೆಗೆ ಸದ್ದು ಮಾಡಬಾರದ ಹೊತ್ತು. ಕುಕ್ಕರ್ ಒಯ್ಯುವುದಾದರೆ ಇಂಡಕ್ಷನ್ನಿಗೆ ಆಗುವ ಸ್ಟೀಲಿನದು, ಮೂರು ಲೀಟರಿನದು ಸಾಕು. ಜೊತೆಗೆ ಎರಡು ಗ್ಯಾಸ್ಕೆಟ್, ಒಂದು ಸೇಫ್ಟಿ ವಾಲ್ವ್. ಅಲ್ಯುಮಿನಿಯಂ ಕುಕ್ಕರ್, ತಳ ಗುಂಡಾದ ಬಾಣಲೆ ಅಲ್ಲಿನ ಚಪ್ಪಟೆ ಗಾಜಿನ ಒಲೆಗೆ ಒಗ್ಗವು. ಒಗ್ಗರಣೆ ಹಾಕುವಾಗ ಚಿಮಣಿ ಹಾಕಿ, ಅಡುಗೆಮನೆಯ ಬಾಗಿಲು ಮುಚ್ಚಿ. ಕೋಣೆಗಳಲ್ಲಿ ಹೊಗೆ ಪತ್ತೆಯ ಯಂತ್ರ ಕಡ್ಡಾಯವಾಗಿ ಇರುತ್ತದೆ. ದೊಡ್ಡ ನಿಲಯಗಳಲ್ಲಿ ಸುಳ್ಳು ಕರೆಗೆ ಅಗ್ನಿಶಾಮಕದವರು ಬಂದರೆ ಖರ್ಚು ನಿಮ್ಮ ತಲೆಗೆ ಬರಬಹುದು.

ಮೆನ್ಸಾದಲ್ಲಿ ಸಸ್ಯಾಹಾರ, ಹಾಲು ಕೂಡ ಇಲ್ಲದ ಸಸ್ಯಾಹಾರ ಎರಡೂ ಇರುತ್ತವೆ. ಹಣವನ್ನು ವಿದ್ಯಾರ್ಥಿ ಕಾರ್ಡಿಗೆ ತುಂಬಿಸಿ ಕೊಡುವುದು. ಆ ಸೀಮೆಯ ಹೆಸರಾಂತ ಊಟ ಬೇಯಿಸಿದ ಬೇಳೆಯ ಜೊತೆ ಷ್ಪೆಟ್ಸ್‌ಲೆ. ಹಿಟ್ಟು, ಮೊಟ್ಟೆಯಿಂದ ಮಾಡುವ ಶಾವಿಗೆಯಂಥದ್ದು. ಮೊಟ್ಟೆ ತಿನ್ನದವರಿಗೆ ಆಗದು, ತಿನ್ನುವವರೂ 'ಸಾಸೇಜ್ ಇಲ್ಲದೆ' ಎಂದು ಹೇಳಬೇಕು, ಬೇಳೆಯಲ್ಲೇ ಹಂದಿಮಾಂಸದ ತುಣುಕು ಬೆರೆತಿದೆಯೇ ಎಂದೂ ಕೇಳಬೇಕು. ಹೊರಗೆ ಪಾರ್ಸೆಲ್ ಒಯ್ಯುವಾಗ ನಿಮ್ಮದೇ ಡಬ್ಬಿ, ಲೋಟ ಇರಲಿ. 2022ರ ಜನವರಿಯಿಂದ ಈ ಊರು ಬಳಸಿ ಬಿಸಾಡುವ ಲೋಟ, ಡಬ್ಬಿಗೆ 50 ಸೆಂಟ್, ಚಮಚಕ್ಕೆ 20 ಸೆಂಟ್ ತೆರಿಗೆ ಹಾಕಿದೆ. ಅಂಗಡಿಯವರು ಅದನ್ನು ಬೆಲೆಗೆ ಸೇರಿಸುತ್ತಾರೆ. ದೇಶದ ಸಾಂವಿಧಾನಿಕ ನ್ಯಾಯಾಲಯವೂ ಅದನ್ನು ಎತ್ತಿಹಿಡಿದಿದೆ. ಭಾನುವಾರ ಅಂಗಡಿ ಮುಚ್ಚಿರುತ್ತವೆ, ಶನಿವಾರವೇ ಹಾಲು, ತರಕಾರಿ ತಂದಿಟ್ಟುಕೊಳ್ಳಿ.

ಪ್ರಶ್ನೆ: ಮಗನ ಕೋಣೆಯ ಗೋಡೆಗೆ ಬೂಸ್ಟು ಹಿಡಿದಿದೆ. ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳುತ್ತೇವೆ ಎಂದಿದ್ದಾರಂತೆ. ಬಾಗಿಲ ಮೇಲೆ ಏನೋ ಫಲಕ ಬೇರೆ ತೂಗುಹಾಕಿದ್ದಾರಂತೆ. (ತಾಯಿ, ಬೆಳಗಾವಿ)

ಬೂಸ್ಟಿಗೆ ಕಾರಣ ಬಹುತೇಕ ಒಳಗಿನ ಹಬೆ. ಅನ್ನ ಬೇಯಿಸಿದ್ದು, ಸ್ನಾನದ್ದು, ಒಳಗೇ ಒಣಹಾಕಿದ ಬಟ್ಟೆಯದು, ಎಲ್ಲವೂ ತಣ್ಣನೆಯ ಹೊರಗೋಡೆಗೆ ತಾಗಿ ನೀರಾಗುತ್ತದೆ. ಚಳಿ ಎಂದು ಕಿಟಕಿ ತೆಗೆಯದಿರುವುದು ಒಂದು ತಪ್ಪು. ಕಿಟಕಿಯನ್ನು ಇಡೀ ದಿನ ಸ್ವಲ್ಪವೇ ಓರೆಮಾಡಿ ಬಿಡುವುದು ಇನ್ನೊಂದು, ಅದರಿಂದ ಗಾಳಿ ಬದಲಾಗದೆ ಗೋಡೆಯಷ್ಟೇ ತಣ್ಣಗಾಗುತ್ತದೆ. ದಿನಕ್ಕೆ ಮೂರು ಸಲ, ಹೀಟರ್ ತಗ್ಗಿಸಿ, ಕಿಟಕಿಯನ್ನು ಪೂರ್ತಿ ತೆರೆದು ಐದರಿಂದ ಹತ್ತು ನಿಮಿಷ ಬಿಡಬೇಕು. ಕಪಾಟು ಹೊರಗೋಡೆಯಿಂದ ಒಂದು ಗೇಣು ಈಚೆ ಇರಲಿ. ಈಗ ಆಗಿರುವುದಕ್ಕೆ ಮಗ ಫೋಟೋ ತೆಗೆದು, ಮಾಲೀಕರಿಗೆ ಬರವಣಿಗೆಯಲ್ಲಿ ಇಂದೇ ತಿಳಿಸಲಿ. ಕಟ್ಟಡದ್ದೇ ದೋಷವಾಗಿರಬಹುದು, ಸುಮ್ಮನಿದ್ದರೆ ಹೊಣೆ ಮಗನದೇ ಎಂದಾಗುತ್ತದೆ. ಕೋಣೆಗೆ ಬಂದ ದಿನವೇ ಗೋಡೆ, ನೆಲದ ಫೋಟೋ ತೆಗೆದಿಡುವುದು ಎಲ್ಲರೂ ಮಾಡಬೇಕಾದ ಕೆಲಸ.

ಫಲಕ 'ಕೇರ್‌ವೊಖೆ'ಯದು, ಗುಡಿಸುವ ವಾರದ ಪಾಳಿ. ಟ್ಯೂಬಿಂಗೆನ್ ಇರುವ ಶ್ವೇಬಿಯಾ ಸೀಮೆಯ ಹಳೆಯ ಕಟ್ಟಳೆ. ಫಲಕ ಯಾರ ಬಾಗಿಲಲ್ಲಿದೆಯೋ ಆ ವಾರ ಮೆಟ್ಟಿಲು ಗುಡಿಸಿ ಒರೆಸುವುದು, ಮನೆ ಮುಂದಿನ ಜಾಗ ಚೊಕ್ಕಟವಾಗಿಡುವುದು, ಎಷ್ಟೋ ಮನೆಗಳಲ್ಲಿ ಹಿಮ ಸರಿಸುವುದೂ ಅವರದೇ. ಮುಗಿಸಿ ಫಲಕವನ್ನು ಪಕ್ಕದ ಬಾಗಿಲಿಗೆ ಹಾಕಬೇಕು. ನೆರೆಯವರ ವಿಶ್ವಾಸ ಗಳಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ಪ್ರಶ್ನೆ: ಕಿಟೆಲ್ ಅವರಿಗೂ ಟ್ಯೂಬಿಂಗೆನ್‌ಗೂ ನಂಟಿದೆ ಎಂದು ಕೇಳಿದ್ದೇನೆ. ಕನ್ನಡ ಎಂ.ಎ. ಓದುತ್ತಿರುವವರಿಗೆ ಅಲ್ಲೇನಾದರೂ ಸಿಗುವುದೇ? (ವಿದ್ಯಾರ್ಥಿ, ಧಾರವಾಡ)

ನಂಟು ಆಳವಾದದ್ದು. 1843ರ ಜುಲೈ 1ರಂದು 'ಮಂಗಳೂರ ಸಮಾಚಾರ'ವನ್ನು ಹೊರತಂದ ಹೆರ್ಮನ್ ಮೋಗ್ಲಿಂಗ್ ಓದಿದ್ದು ಟ್ಯೂಬಿಂಗೆನ್‌ನಲ್ಲಿ. ಹಳೆಯ ಕನ್ನಡ ಕಾವ್ಯಗಳನ್ನು ಅಚ್ಚು ಹಾಕಿಸಿದ ಕೆಲಸಕ್ಕೆ ಅದೇ ವಿಶ್ವವಿದ್ಯಾಲಯ 1858ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. ಫರ್ಡಿನೆಂಡ್ ಕಿಟೆಲ್ ಅವರ ಸುಮಾರು 70 ಸಾವಿರ ಪದಗಳ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು, 1896ರಲ್ಲಿ ಟ್ಯೂಬಿಂಗೆನ್ ಅವರಿಗೂ ಡಾಕ್ಟರೇಟ್ ನೀಡಿತು. ಅವರು 1903ರ ಡಿಸೆಂಬರಿನಲ್ಲಿ ತೀರಿಕೊಂಡದ್ದೂ ಆ ಊರಿನಲ್ಲೇ. ಮಲಯಾಳಕ್ಕೆ ದುಡಿದ ಹೆರ್ಮನ್ ಗುಂಡರ್ಟ್ ಕೂಡ ಅಲ್ಲೇ ಓದಿದವರು. ಅವರ ಸಂಗ್ರಹ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ. ಮಲಯಾಳದ ಜೊತೆ ಕನ್ನಡ, ತುಳುವಿನ ಹಳೆಯ ಅಚ್ಚುಗಳೂ ಅದರಲ್ಲಿವೆ, ಗುಂಡರ್ಟ್ ಪೋರ್ಟಲ್ ಎಂಬ ತಾಣದಲ್ಲಿ ಅವನ್ನು ಧಾರವಾಡದಿಂದಲೇ ಓದಬಹುದು. ಮೂಲ ಪ್ರತಿಯನ್ನೇ ನೋಡಬೇಕಿದ್ದರೆ ಯಾವ ಪುಸ್ತಕ, ಯಾವ ಸಂಖ್ಯೆ ಎಂದು ಗುರುತಿಸಿಕೊಂಡು ಕೆಲವು ವಾರ ಮುಂಚೆ ಗ್ರಂಥಾಲಯಕ್ಕೆ ಬರೆಯಿರಿ. ವಾಚನಾಲಯದಲ್ಲಿ ಪೆನ್ಸಿಲ್ಲಿನಲ್ಲಷ್ಟೇ ಬರೆದುಕೊಳ್ಳುವ ರೂಢಿ. ಮಲಯಾಳಕ್ಕೆ ಅಲ್ಲಿ ಗುಂಡರ್ಟ್ ಹೆಸರಿನ ಪೀಠವಿದೆ. ಮೋಗ್ಲಿಂಗ್, ಕಿಟೆಲ್ ಇಬ್ಬರನ್ನೂ ಗೌರವಿಸಿದ ಊರಿನಲ್ಲಿ ಕನ್ನಡಕ್ಕೂ ಒಂದು ಪೀಠ ಬೇಕೆಂದು ಕೇಳುವುದು ನಮ್ಮ ಸರ್ಕಾರ, ನಮ್ಮ ವಿಶ್ವವಿದ್ಯಾಲಯಗಳ ಕೆಲಸ.

ಪ್ರಶ್ನೆ: ನೆಕ್ಕರ್ ನದಿಯಲ್ಲಿ ವಿದ್ಯಾರ್ಥಿಗಳೇ ದೋಣಿ ನಡೆಸುತ್ತಾರಂತೆ. ಹೊಸಬರೂ ನಡೆಸಬಹುದೇ? (ಓದುಗ, ಕೊಪ್ಪ)

ನಡೆಸಬಹುದು, ಬೇಸಿಗೆ ಸೆಮಿಸ್ಟರಿನಲ್ಲಿ ಬಾಡಿಗೆಗೂ ಸಿಗುತ್ತದೆ. ಶ್ಟೋಖರ್‌ಕಾನ್ ಎಂಬ ಉದ್ದನೆಯ, ತಳ ಚಪ್ಪಟೆಯಾದ ಮರದ ದೋಣಿ. ಹಿಂಬದಿಯಲ್ಲಿ ಒಬ್ಬರು ನಿಂತು, ಐದಾರು ಮೀಟರಿಗೂ ಉದ್ದದ ಗಳವನ್ನು ನದಿಯ ತಳಕ್ಕೆ ಊರಿ ತಳ್ಳುತ್ತಾರೆ. ಜೂನ್ ಹೊತ್ತಿಗೆ ಬರುವ ಕಾರ್ಪಸ್ ಕ್ರಿಸ್ಟಿ ಹಬ್ಬದ ಗುರುವಾರ ವಿದ್ಯಾರ್ಥಿ ತಂಡಗಳ ಪಂದ್ಯ ನಡೆಯುತ್ತದೆ. ಸೋತ ತಂಡದವರು ತಲೆಗೆ ಅರ್ಧ ಲೀಟರ್ ಮೀನೆಣ್ಣೆ ಕುಡಿದು, ಮುಂದಿನ ವರ್ಷದ ಪಂದ್ಯದ ಏರ್ಪಾಡನ್ನೂ ಮಾಡಬೇಕು.

ಕಲಿಯಲು ಜನ ಕಡಿಮೆ ಇರುವ ಬೆಳಗಿನ ಹೊತ್ತು ಒಳ್ಳೆಯದು. ಈಜು ಬಾರದವರು ಲೈಫ್ ಜಾಕೆಟ್ ಇಲ್ಲದೆ ಹಿಂಬದಿಗೆ ಹೋಗಬಾರದು. ಗಳವನ್ನು ದೋಣಿಗೆ ಒತ್ತಿದಂತೆ ನೇರ ಕೆಳಗಿಳಿಸಿ, ತಳ ಸಿಕ್ಕ ಮೇಲೆ ಮೆಲ್ಲಗೆ ಭಾರ ಬಿಡಿ. ದೂರಕ್ಕೆ ಓರೆಯಾಗಿ ಊರಿದರೆ ದೋಣಿ ಸುತ್ತುತ್ತದೆ. ಗಳ ಕೆಸರಿನಲ್ಲಿ ಕಚ್ಚಿಕೊಂಡರೆ ತಿರುಚಿ ಎಳೆಯಿರಿ. ಬರದಿದ್ದರೆ ಕೈ ಬಿಟ್ಟುಬಿಡಿ, ಹಿಡಿದೇ ಇದ್ದರೆ ದೋಣಿ ಮುಂದೆ ಹೋಗಿ ನೀವು ಗಳದ ಜೊತೆ ನೀರಿಗೆ ಬೀಳುತ್ತೀರಿ. ಹೊರಡುವ ಮುಂಚೆ ದೋಣಿಯೊಳಗೆ ಒಂದು ಹುಟ್ಟು ಇದೆಯೇ ನೋಡಿಕೊಳ್ಳಿ. ಅದರಿಂದ ಹಿಂದಕ್ಕೆ ಬಂದು ಗಳ ಕಿತ್ತುಕೊಳ್ಳಬಹುದು.